‘ಸೊಂಟನೋವಿಗೆಲ್ಲ ಡಾಕ್ಟ್ರಿಗೆ ಫೋನ್ ಮಾಡೋದಾ ಮೇಡಂ?’

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಇವರು ರೈತರು, ಐವತ್ತರ ಆಸುಪಾಸು. ಹೃದಯ ಕಸಿ ಆಗಿ ವರ್ಷ ದಾಟಿತ್ತು. ಹೊಸ ಹೃದಯವನ್ನು ದೇಹ ದೂಡದಿರಲಿ ಅಂತ ಕೊಡುವ ಟ್ಯಾಕ್ರೊಲಿಮಸ್, ಮೈಕೋಫಿನೋಲೇಟ್ ಮಾತ್ರೆಗಳನ್ನು ಒಂದು ಹೊತ್ತೂ ತಪ್ಪಿಸಿದವರಲ್ಲ. ಆದರೂ ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರಿತ್ತು. ಕಿಡ್ನಿಗೆ ಏನೋ ಪೆಟ್ಟು ಬೀಳುತ್ತಿತ್ತು. ಮನೆಯಲ್ಲಿ ಏನೇನು ತಗೊಳ್ತಾರೆ ಅಂತ ಸಮಾಧಾನವಾಗಿ ವಿಚಾರಿಸಲು ಡಾಕ್ಟರು ಕಸಿ ತಂಡದಲ್ಲಿರುವ ನನ್ನ ಬಳಿ ಕಳಿಸಿದರು.

“ಬೇರೆ ಔಷಧಿ ಏನಾದರೂ?” ಅಂದೆ. “ಇಲ್ಲ ಮೇಡಂ.” ಅವರು ಸುಳ್ಳು ಹೇಳಲಿಲ್ಲ. ಆಸ್ಪತ್ರೆಯವರು ಬರೆದುಕೊಟ್ಟದ್ದಷ್ಟೇ ಔಷಧಿ ಎಂದು ನಂಬಿದ್ದರು. ಹಾಗಾಗಿ ಬಿಡಿಸಿ ಕೇಳಿದೆ. ಮೈಕೈ ನೋವಿಗೆ? ನೆಗಡಿಗೆ? ಗ್ಯಾಸಿಗೆ? ಆಗ ಹೆಂಡತಿ ಚೀಲದಿಂದ ಒಂದು ಸ್ಟ್ರಿಪ್ ತೆಗೆದರು. ಡೈಕ್ಲೊಫೆನಾಕ್. ಸೊಂಟನೋವಿಗೆ ಮೆಡಿಕಲ್ ಶಾಪಿನಿಂದ ತಂದು ದಿನಾ ರಾತ್ರಿ ನುಂಗುತ್ತಿದ್ದರಂತೆ. ಬೆಳಿಗ್ಗೆ ಅಮೃತಬಳ್ಳಿ ಕಷಾಯ ಬೇರೆ.

ಫೋನ್ ಯಾಕೆ ಮಾಡಲಿಲ್ಲ ಅಂದಾಗ ರೈತರ ಕಣ್ಣು ತುಂಬಿತು. “ಯಾರೋ ಪುಣ್ಯಾತ್ಮರು ಅಂಥ ದುಃಖದಲ್ಲೂ ಹೃದಯ ಕೊಟ್ರು. ಡಾಕ್ಟ್ರು ಜೀವ ಉಳಿಸಿದ್ರು. ಸೊಂಟನೋವಿಗೆಲ್ಲ ಅವರಿಗೆ ತೊಂದ್ರೆ ಕೊಡೋದಾ?”

ಈ ಋಣದ ಭಾರವನ್ನು ನಾನು ಬಹಳ ಜನರಲ್ಲಿ ನೋಡಿದ್ದೇನೆ. ಅವರಿಗೆ ಹೇಳಿದ್ದು ಇಷ್ಟೇ: ಆ ಹೃದಯ ಚೆನ್ನಾಗಿರಲಿ ಅಂತ ಕೇಳುವ ಪ್ರಶ್ನೆ ಯಾರಿಗೂ ತೊಂದರೆಯಲ್ಲ. ನೀವು ಕೇಳಲಿ ಅಂತಲೇ ನಾವಿರೋದು.

ಆಮೇಲೆ ಕಾರಣ ವಿವರಿಸಿದೆ. ಟ್ಯಾಕ್ರೊಲಿಮಸ್ ಮೊದಲೇ ಕಿಡ್ನಿಯ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಜೊತೆಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದ್ದು ಸೇರಿದರೆ ಅಲ್ಲಿ ರಕ್ತದ ಹರಿವು ಇನ್ನೂ ಕಡಿಮೆಯಾಗುತ್ತದೆ. ಕಾಂಬಿಫ್ಲಾಮ್‌ನಲ್ಲೂ ಐಬುಪ್ರೊಫೆನ್ ಇದೆ. ನೋವಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಕೊಡುತ್ತಾರೆ, ಅದೂ ಡಾಕ್ಟರು ಹೇಳಿದಷ್ಟೇ. ಆದರೆ ಜ್ವರ ಬಂದಾಗ ಅದನ್ನೂ ನುಂಗಿ ಸುಮ್ನೆ ಮಲಗಬಾರದು. ಜ್ವರ ಇಳಿದರೂ ಒಳಗಿನ ಸೋಂಕು ಬೆಳೆಯುತ್ತಲೇ ಇರಬಹುದು. ಮೊದಲು ಕಸಿ ತಂಡಕ್ಕೆ ಫೋನ್ ಮಾಡಿ.

ನೆಗಡಿ ಮಾತ್ರೆಗಳಲ್ಲಿ ಇರುವ ಫಿನೈಲೆಫ್ರಿನ್ ಬಿ.ಪಿ. ಏರಿಸಬಹುದು. ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಗ್ಯಾಸ್ ಔಷಧಿ ಮೈಕೋಫಿನೋಲೇಟ್ ಮೈಗೆ ಪೂರ್ತಿ ಸೇರದಂತೆ ತಡೆಯುತ್ತದೆ. ಎರಡನ್ನೂ ಒಟ್ಟಿಗೆ ತಗೊಳ್ಳಬಾರದು. ಎಷ್ಟು ಹೊತ್ತು ಬಿಡಬೇಕು ಅಂತ ಡಾಕ್ಟರನ್ನೇ ಕೇಳಿ. ದೇವನಹಳ್ಳಿ ಕಡೆಯ ಚಕ್ಕೋತ ಎಷ್ಟೇ ಸಿಹಿಯಾಗಿರಲಿ, ಬೇಡ. ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಜಾಸ್ತಿಯಾಗಬಹುದು.

ಕಷಾಯದ ಮಾತಿಗೆ ಹೆಂಡತಿಗೆ ಬೇಜಾರಾಯಿತು. ಪ್ರೀತಿಯಿಂದ ಕುದಿಸಿ ಕೊಡುತ್ತಿದ್ದರು, ಅಲ್ವಾ? ಆದರೆ ರೋಗನಿರೋಧಕ ಶಕ್ತಿ ಹೆಚ್ಚಲಿ ಅಂತ ಕೊಡುವುದು ಇಲ್ಲಿ ನಮಗೆ ಬೇಡದ್ದು. ಹೊಸ ಹೃದಯವನ್ನು ದೇಹ ಹೊರಗಿನದು ಅಂತ ದೂಡದಿರಲು ಅದೇ ಶಕ್ತಿಯನ್ನು ನಾವು ತಗ್ಗಿಸಿ ಇಟ್ಟಿದ್ದೇವೆ.

ನೋವಿನ ಮಾತ್ರೆಯನ್ನು ಡಾಕ್ಟರು ಅಂದೇ ನಿಲ್ಲಿಸಿದರು. ಸೊಂಟಕ್ಕೆ ಫಿಸಿಯೋಥೆರಪಿ ಶುರುವಾಯಿತು. ಮುಂದಿನ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಇಳಿದಿತ್ತು. ತಗೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯ ಫೋಟೋ ಈಗ ಇಬ್ಬರ ಫೋನಿನಲ್ಲೂ ಇದೆ. ಅಂಗಡಿಯವರಿಗೆ ಅದನ್ನು ತೋರಿಸಿ, ‘ನನಗೆ ಹೃದಯ ಕಸಿ ಆಗಿದೆ’ ಅಂತ ಮೊದಲೇ ಹೇಳುತ್ತಾರೆ.

ನೀವೂ ಇಂಥದ್ದೇನಾದರೂ ಈಗಾಗಲೇ ನುಂಗಿದ್ದರೆ ಮುಚ್ಚಿಡಬೇಡಿ, ಹೆಸರು, ಎಷ್ಟು ದಿನ ಅಂತ ಇವತ್ತೇ ಕಸಿ ತಂಡಕ್ಕೆ ಹೇಳಿಬಿಡಿ. ಹೆದರಿ ಕಸಿಯ ಮಾತ್ರೆಯನ್ನು ನೀವೇ ನಿಲ್ಲಿಸುವುದಾಗಲಿ, ಹೆಚ್ಚುಕಡಿಮೆ ಮಾಡುವುದಾಗಲಿ ಬೇಡ.