ಹೊಗೆಯನ್ನು ಕೆಳಗಿಳಿಸಲು ಹೋದವರು

ಪತ್ರ: ಹಿಂದಿನ ಸಂಚಿಕೆಯಲ್ಲಿ 'ಸೌದೆ ಉಳಿಸುವ ಮೊದಲ ಒಲೆ ಬೆಂಜಮಿನ್ ಫ್ರಾಂಕ್ಲಿನ್‌ನದು' ಎಂದಿದ್ದೀರಿ. ಅದು ಮನೆ ತುಂಬ ಹೊಗೆ ಎಬ್ಬಿಸುತ್ತಿತ್ತಂತೆ, ನಿಜವೇ? ಅವನಿಗಿಂತ ಮೊದಲು ಯಾರೂ ಇರಲಿಲ್ಲವೇ?
– ಓದುಗರೊಬ್ಬರು, ಸಾಗರ

ಸಂಪಾದಕರ ಉತ್ತರ: ಹೊಗೆಯ ಮಾತು ನಿಜ. 'ಮೊದಲ' ಅಂತ ಬರೆದದ್ದು ನಮ್ಮದೇ ತಪ್ಪು. ಜರ್ಮನಿಯ ಫ್ರಾಂಟ್ಸ್ ಕೆಸ್ಲರ್ ಎಂಬ ಚಿತ್ರಕಾರ ಸೌದೆ ಉಳಿಸುವ ಒಲೆಯ ಬಗ್ಗೆ 1618ರಲ್ಲೇ ಒಂದು ಪುಸ್ತಕ ಅಚ್ಚು ಹಾಕಿಸಿದ್ದ. ಅಮೆರಿಕದ ಫ್ರಾಂಕ್ಲಿನ್ ತನ್ನ ಒಲೆಯ ಕಿರುಹೊತ್ತಿಗೆ ತಂದದ್ದು 1744ರಲ್ಲಿ.

ಆಗಿನ ಮನೆಗಳಲ್ಲಿ ಚಳಿಗೆ ಕೋಣೆ ಬೆಚ್ಚಗಿಡಲು ಗೋಡೆಯೊಳಗೆ ತೆರೆದ ಬೆಂಕಿಗೂಡು. ಶಾಖದ ಬಹುಪಾಲು ಚಿಮಣಿ ಹತ್ತಿ ಹೋಗುತ್ತಿತ್ತು. ಜೊತೆಗೆ ಕೋಣೆಯ ಬೆಚ್ಚನೆ ಗಾಳಿಯನ್ನೂ ಎಳೆದುಕೊಂಡು ಹೋಗುತ್ತಿತ್ತು. ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ಒಳಗೆ. ಮುಖಕ್ಕೆ ಉರಿ, ಬೆನ್ನಿಗೆ ಚಳಿ!

ಫ್ರಾಂಕ್ಲಿನ್ ಬೀಡುಕಬ್ಬಿಣದ ಹಲಗೆಗಳನ್ನು ಜೋಡಿಸಿ, ಬೆಂಕಿಯ ಹಿಂದೆ ಒಂದು ಗಾಳಿಪೆಟ್ಟಿಗೆ ಇಟ್ಟ. ಹೊಗೆ ಅದರ ಮೇಲಿಂದ ಹಾದು, ಹಿಂದೆ ಕೆಳಗಿಳಿದು, ನೆಲದಡಿಯಿಂದ ಚಿಮಣಿ ಸೇರಬೇಕು. ಅಷ್ಟರಲ್ಲಿ ಪೆಟ್ಟಿಗೆಯ ಗಾಳಿ ಬಿಸಿಯಾಗಿ ಕೋಣೆಗೆ ಬರುತ್ತದೆ. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಹೊಗೆಯನ್ನು ಎಳೆಯೋದು ಚಿಮಣಿಯೊಳಗಿನ ಬಿಸಿ. ಚಿಮಣಿ ತಣ್ಣಗಿದ್ದರೆ ಹೊಗೆ ಕೆಳಗಿಳಿಯೋದಿಲ್ಲ, ವಾಪಸ್ ಕೋಣೆಗೇ ಬರುತ್ತದೆ. ಆಮೇಲೆ ಬಂದವರು ಹೊಗೆಯ ದಾರಿ ನೇರ ಮಾಡಿದರು. 'ಫ್ರಾಂಕ್ಲಿನ್ ಒಲೆ' ಅಂತ ಹೆಸರಾಗಿದ್ದು ಹೆಚ್ಚಾಗಿ ಆ ತಿದ್ದಿದ ಒಲೆಗಳೇ.

ಒಂದು ವಿಷಯಕ್ಕೆ ಮಾತ್ರ ಅವನನ್ನು ಮೆಚ್ಚಬೇಕು. ಪೆನ್ಸಿಲ್ವೇನಿಯದ ಗವರ್ನರ್ ಪೇಟೆಂಟ್ ಕೊಡ್ತೀನಿ ಅಂದರೂ ಬೇಡ ಅಂದ. ಲಂಡನ್ನಿನ ಕಬ್ಬಿಣದ ವ್ಯಾಪಾರಿಯೊಬ್ಬ ಅದನ್ನೇ ಸ್ವಲ್ಪ ಬದಲಾಯಿಸಿ, ಪೇಟೆಂಟ್ ಮಾಡಿಸಿಕೊಂಡು ದುಡ್ಡು ಮಾಡಿದನಂತೆ. ಇದನ್ನು ಫ್ರಾಂಕ್ಲಿನ್ನನೇ ಆತ್ಮಕಥೆಯಲ್ಲಿ ಬರೆದಿದ್ದಾನೆ.

ನನಗೆ ಜಾಸ್ತಿ ಇಷ್ಟವಾದದ್ದು ಸ್ವೀಡನ್ನಿನ ಒಲೆ. ಅಲ್ಲಿ ಕಬ್ಬಿಣದ ಕುಲುಮೆಗಳಿಗೂ ಇದ್ದಿಲು ಬೇಕು, ಚಳಿಗಾಲಕ್ಕೂ ಸೌದೆ ಬೇಕು. ಸೌದೆ ಉಳಿಸೋ ಒಲೆ ಬೇಕೆಂದು ಆಳುವವರೇ ಕೇಳಿದರು. 1767ರಲ್ಲಿ ಕಾರ್ಲ್ ಯೂಹಾನ್ ಕ್ರೂನ್‌ಸ್ಟೆಟ್ ಮತ್ತು ಫಾಬಿಯನ್ ವ್ರೇಡೆ ಅದನ್ನು ರೂಪಿಸಿದರು. ಇಲ್ಲೂ ಹೊಗೆ ಕೆಳಗಿಳಿಯುತ್ತದೆ, ಆದರೆ ಮೊದಲು ಮೇಲೇರಿ, ಪಕ್ಕದ ಕೊಳವೆಗಳಲ್ಲಿ ಇಳಿದು, ಬಿಸಿ ಇಟ್ಟಿಗೆಗಳ ನಡುವೆಯೇ ಮತ್ತೆ ಮೇಲೇರುತ್ತದೆ. ಒಟ್ಟು 5 ಕೊಳವೆ. ದಿನಕ್ಕೆ ಒಂದೆರಡು ಸಲ ಜೋರಾಗಿ ಉರಿಸಿದರೆ ಸಾಕು.

ನಿಮ್ಮ ಕಡೆ ಬಚ್ಚಲ ಒಲೆ ಇದ್ದೇ ಇರುತ್ತದಲ್ವಾ? ಬೆಂಕಿ ಆರಿ ಎಷ್ಟೋ ಹೊತ್ತಾದರೂ ಹಂಡೆಯ ನೀರು ಬೆಚ್ಚಗೇ ಇರುತ್ತದೆ. ಸ್ವೀಡನ್ನಿನ ಒಲೆಯಲ್ಲಿ ಆ ನೀರಿನ ಕೆಲಸವನ್ನು ಇಟ್ಟಿಗೆ ಮಾಡುತ್ತದೆ, ಅಷ್ಟೇ. ಉರಿ ಪೂರ್ತಿ ಆರಿದ ಮೇಲೆ ಹೊಗೆದಾರಿಯ ಮುಚ್ಚಳ ಹಾಕಿ ಶಾಖ ಉಳಿಸಿಕೊಳ್ಳುತ್ತಿದ್ದರು. ಕೆಂಡ ಇರುವಾಗಲೇ ಮುಚ್ಚಿದರೆ ವಿಷಗಾಳಿ ಕೋಣೆ ತುಂಬಿ ಮಲಗಿದವರು ಏಳದೇ ಹೋಗಬಹುದಿತ್ತು.