ದಪ್ಪ ಅಕ್ಷರ, ಓರೆ ಅಕ್ಷರ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮಂಡ್ಯದಲ್ಲಿ ಚಿಕ್ಕ ಡಿಟಿಪಿ ಅಂಗಡಿ ಇಟ್ಟಿದ್ದೇನೆ. ನಮ್ಮೂರ ಕಬಡ್ಡಿ ಹುಡುಗರು ಜೆರ್ಸಿಗೂ ಪಂದ್ಯದ ಫ್ಲೆಕ್ಸ್‌ಗೂ ದಪ್ಪನೆಯ ಓರೆ ಅಕ್ಷರವೇ ಬೇಕು ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಚೆನ್ನಾಗಿ ಬರುತ್ತದೆ. ಕನ್ನಡದಲ್ಲಿ ಬೋಲ್ಡ್, ಇಟಾಲಿಕ್ ಎರಡೂ ಒತ್ತಿದರೆ ಎಲ್ಲ ಕಲಸಿದ ಹಾಗೆ ಕಾಣುತ್ತದೆ. ಏನು ಮಾಡಲಿ?

ಉತ್ತರ: ಹುಡುಗರ ಆಯ್ಕೆ ಸರಿಯಾಗಿದೆ. ಮೈಸೂರಿನಲ್ಲಿ ಮೂವತ್ತು ವರ್ಷ ಬೋರ್ಡ್ ಬರೆದವನು ನಾನು. ಆಟದ ಬ್ಯಾನರ್ ಅಂದರೆ ಕೈ ತಾನಾಗಿ ಬಲಕ್ಕೆ ವಾಲುತ್ತಿತ್ತು. ಓಡುವವನು ಮುಂದಕ್ಕೆ ಬಾಗಿರುತ್ತಾನೆ ಅಲ್ವಾ, ಹಾಗೆ. ದಪ್ಪ ಇದ್ದರೆ ದೂರಕ್ಕೆ ಕಾಣುತ್ತದೆ. ತುದಿಗಳಲ್ಲಿ ಕುಡಿಗೆರೆ ಇಲ್ಲದ ಅಕ್ಷರಕ್ಕೆ ಸ್ಯಾನ್ಸ್ ಸೆರಿಫ್ ಅನ್ನುತ್ತಾರೆ. ಅದು ಬಟ್ಟೆಯ ಮೇಲೂ ಚೊಕ್ಕಟವಾಗಿ ಕೂರುತ್ತದೆ. ಮೂರೂ ಸೇರಿದರೆ ಅದು ಕೂಗಿದ ಹಾಗೆ. ತಂಡದ ಹೆಸರಿಗೆ, ಜೆರ್ಸಿ ನಂಬರಿಗೆ ಬಳಸಿ. ಫ್ಲೆಕ್ಸ್ ಕೆಳಗಿನ ಆಟಗಾರರ ಪಟ್ಟಿಗೆ ಮಾತ್ರ ಬೇಡ, ಅಲ್ಲಿ ನೇರ ಅಕ್ಷರ ಇರಲಿ.

ಕನ್ನಡದ ಕಷ್ಟ ಬೇರೆ. ನಮ್ಮ ಅಕ್ಷರಗಳ ಹೊಟ್ಟೆಯೊಳಗೆ ಚುಕ್ಕಿ ಇದೆ, ಸೀಳು ಇದೆ. ಒಮ್ಮೆ ಒಂದು ಮಠದ ಬ್ಯಾನರನ್ನು ದಪ್ಪ ಬ್ರಷ್‌ನಲ್ಲಿ ಬರೆದೆ. ಠಕಾರದ ಚುಕ್ಕಿಗೂ ಸುತ್ತಲಿನ ಗೆರೆಗೂ ನಡುವೆ ಜಾಗ ಉಳಿಯಲಿಲ್ಲ, ಬಣ್ಣ ಕೂಡಿಕೊಂಡಿತು. ರಸ್ತೆಯ ಆಚೆಯಿಂದ ನೋಡಿದವರು ‘ಮರ’ ಎಂದೇ ಓದಿದರು. ಅವತ್ತು ರಾತ್ರಿ ಹೊಸ ಬಟ್ಟೆ ತಂದು ಮತ್ತೆ ಬರೆದೆ. ಥ ಮತ್ತು ಧ ಇದ್ದಲ್ಲೂ ಇದೇ ಅಪಾಯ.

ಇನ್ನು ಓರೆ. ಅಕ್ಷರವನ್ನು ಬಲಕ್ಕೆ ವಾಲಿಸಿದಾಗ ಮೇಲಿನ ಭಾಗ ಬಲಕ್ಕೆ ಹೋಗುತ್ತದೆ, ಅಕ್ಷರ ಕೂರುವ ಗೆರೆಯ ಕೆಳಗಿರುವುದು ಎಡಕ್ಕೆ ಸರಿಯುತ್ತದೆ. ಗುಡಿಸು ಪಕ್ಕದ ಅಕ್ಷರಕ್ಕೆ ತಾಗುತ್ತದೆ. ಒತ್ತಕ್ಷರ ತಾಯಿ ಅಕ್ಷರದ ಅಡಿಗೆ ನುಗ್ಗುತ್ತದೆ. ನೋಟೋ ಸ್ಯಾನ್ಸ್ ಕನ್ನಡ ಅನ್ನುವ ಫಾಂಟನ್ನೇ ನೋಡಿ. ತೆಳುವಿನಿಂದ ಕಡುದಪ್ಪದವರೆಗೆ 9 ತೂಕಗಳಿವೆ (ತೂಕ ಅಂದರೆ ಗೆರೆಯ ದಪ್ಪದ ಹಂತ), ಓರೆ ಒಂದೂ ಇಲ್ಲ. ನೀವು ಇಟಾಲಿಕ್ ಒತ್ತಿದಾಗ ಕಂಪ್ಯೂಟರ್ ಸುಮ್ನೆ ತಳ್ಳುತ್ತದೆ ಅಷ್ಟೆ.

ಹಾಗಾಗಿ ಬೋಲ್ಡ್ ಬಟನ್ ನೆಚ್ಚಬೇಡಿ, ದಪ್ಪವಾಗಿಯೇ ಬರೆದ ಫಾಂಟ್ ಆರಿಸಿ. ತಂಡದ ಹೆಸರನ್ನು ಕರ್ವ್ ಮಾಡಿಕೊಂಡು, ಅಂದರೆ ಅಕ್ಷರವನ್ನು ಚಿತ್ರದ ಗೆರೆಗಳಾಗಿ ಬದಲಿಸಿಕೊಂಡು, ಎಂಟು ಹತ್ತು ಡಿಗ್ರಿಯಷ್ಟೇ ವಾಲಿಸಿ. ನಾನಂತೂ ಅದಕ್ಕಿಂತ ಜಾಸ್ತಿ ಹೋಗುವುದಿಲ್ಲ. ಆಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ಬಲಕ್ಕೆ ಸರಿಸಿ, ಅಕ್ಷರಗಳ ನಡುವೆ ಸ್ವಲ್ಪ ಜಾಗ ಬಿಡಿ. ಅರ್ಧ ಗಂಟೆ ಕೆಲಸ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಇಪ್ಪತ್ತು ಹೆಜ್ಜೆ ಹಿಂದೆ ನಿಂತು ಓದಿ ನೋಡಿ. ಠಕಾರದ ಚುಕ್ಕಿ ಕಂಡರೆ ಹುಡುಗರಿಗೆ ಕೊಡಿ.

ಪ್ರಶ್ನೆ: ಓರೆ ಅಕ್ಷರಕ್ಕೆ ಇಟಾಲಿಕ್ ಅನ್ನುವ ಹೆಸರು ಯಾಕೆ ಬಂತು? (ವಿದ್ಯಾರ್ಥಿನಿ, ಮೈಸೂರು)

ಉತ್ತರ: ಅದು ಹುಟ್ಟಿದ್ದು ಇಟಲಿಯಲ್ಲಿ. ವೆನಿಸ್‌ನ ಮುದ್ರಕ ಆಲ್ಡಸ್ ಮನೂಷಿಯಸ್ 1501ರಲ್ಲಿ ವರ್ಜಿಲ್ ಕವಿಯ ಪುಸ್ತಕವನ್ನು ಪೂರ್ತಿ ಈ ಅಕ್ಷರದಲ್ಲೇ ಅಚ್ಚು ಹಾಕಿದ. ಅಚ್ಚು ಕೆತ್ತಿದವನು ಫ್ರಾಂಚೆಸ್ಕೊ ಗ್ರಿಫೊ. ಆಗ ಅದು ವೇಗವಾಗಿ ಬರೆದ ಕೈಬರಹದ ರೂಪ. ಕುಡಿಗೆರೆ ಇಲ್ಲದ ಅಚ್ಚು ಬಂದಿದ್ದು ಬಹಳ ತಡವಾಗಿ, 1816ರಲ್ಲಿ ಇಂಗ್ಲೆಂಡಿನಲ್ಲಿ. ಇಟಾಲಿಕ್‌ಗೂ ಕುಡಿಗೆರೆ ಇಲ್ಲದ ಅಕ್ಷರಕ್ಕೂ ಇರುವ ನಂಟನ್ನು ನೋಡಬೇಕಾದರೆ ಗಿಲ್ ಸ್ಯಾನ್ಸ್ ಮತ್ತು ಹೆಲ್ವೆಟಿಕಾ ಎಂಬ ಎರಡು ಇಂಗ್ಲಿಷ್ ಸ್ಯಾನ್ಸ್ ಸೆರಿಫ್ ಫಾಂಟ್‌ಗಳ ಇಟಾಲಿಕ್‌ಗಳನ್ನು ದೊಡ್ಡದಾಗಿ ಅಕ್ಕಪಕ್ಕ ಇಡಿ. ಗಿಲ್‌ನಲ್ಲಿ ಇಂಗ್ಲಿಷಿನ ಸಣ್ಣ ‘ಎ’ (a) ಅಕ್ಷರದ ಆಕಾರವೇ ಬದಲಾಗಿ ಕೈಬರಹದಂತೆ ಕಾಣುತ್ತದೆ. ಹೆಲ್ವೆಟಿಕಾದಲ್ಲಿ ನೇರ ಅಕ್ಷರವೇ ವಾಲಿ ನಿಂತಿದೆ.