ಮಧುರಕಂಠದ ಲೇಖನ: ತಿದ್ದಿ ಕಳಿಸಿ

ನಮಸ್ಕಾರ.

ಚಿಂಚೋಳಿ ಕಾಡಿನ ಮಧುರಕಂಠ ಹಕ್ಕಿಯ ಬಗ್ಗೆ ನೀವು ಕಳಿಸಿದ ಐದು ಪುಟ ಓದಿದೆವು. ಈಗಿರುವಂತೆ ಅಚ್ಚು ಹಾಕಲಾಗದು. ಮೊದಲ ಒಂದೂವರೆ ಪುಟ ಪ್ರಕೃತಿಮಾತೆಯ ಗುಣಗಾನ, ಹಕ್ಕಿಯ ಸುಳಿವೇ ಇಲ್ಲ. ಅಷ್ಟೂ ತೆಗೆಯಿರಿ. 'ದಟ್ಟ ಹಸಿರು ಕಾನನ' ಕೂಡ ಹೋಗಲಿ. ಚಿಂಚೋಳಿಯದು ಎಲೆ ಉದುರುವ ಒಣ ಕಾಡು, ಮಲೆನಾಡಿನ ಮಾತು ಇಲ್ಲಿ ಒಗ್ಗುವುದಿಲ್ಲ.

'ಪುಟ್ಟ, ಮುದ್ದಾದ, ಬಂಗಾರಬಣ್ಣದ' ಅಂತ ಮತ್ತೆ ಮತ್ತೆ ಬರೆದಿದ್ದೀರಿ. ಅಷ್ಟನ್ನೇ ನಂಬಿ ಹೋದವನು ಬೇರೆಯದೇ ಹಕ್ಕಿಯಾದ ಹೊನ್ನಕ್ಕಿಯನ್ನು ನೋಡಿ ಬಂದಾನು. ಮಧುರಕಂಠ ಗುಬ್ಬಿಯಷ್ಟು, ಸುಮಾರು 14 ಸೆಂ.ಮೀ. ರೆಕ್ಕೆಯ ಮೇಲೆ ಎರಡು ಬಿಳಿ ಅಡ್ಡಪಟ್ಟೆ. ಗುರುತಿಗೆ ಅದೇ ಮುಖ್ಯ, ಅದೇ ನಿಮ್ಮಲ್ಲಿಲ್ಲ. ಡಿಸೆಂಬರಿನಲ್ಲಿ ಕಂಡ ಗಂಡಿನ ನೆತ್ತಿ, ಬೆನ್ನು ಕಡುಗಪ್ಪು ಎಂದಿದ್ದೀರಿ. ಆ ಕಪ್ಪು ಮರಿ ಮಾಡುವ ಕಾಲದ್ದು, ಅದೂ ಎಲ್ಲ ಗಂಡುಗಳಿಗೆ ಒಂದೇ ಸಮ ಇರುವುದಿಲ್ಲ. ಚಳಿಗಾಲದಲ್ಲಿ ಗಂಡೂ ಹೆಣ್ಣಿನಂತೆ ಹಸಿರು ಹಳದಿ. ಆಗ ಬಾಲ ನೋಡಬೇಕು: ಗಂಡಿಗೆ ಕಪ್ಪು, ಹೆಣ್ಣಿಗೆ ಹಸಿರು.

'ನೆಲದಲ್ಲಿ ಕುಪ್ಪಳಿಸುತ್ತ ಕಾಳು ಹೆಕ್ಕುತ್ತಿತ್ತು' ಎಂಬ ಸಾಲು ಹೊಡೆದುಹಾಕಿ. ಅದು ಗುಬ್ಬಿಯ ಬದುಕು. ಮಧುರಕಂಠ ಮರದ ಮೇಲೇ ಎಲೆಯಿಂದ ಎಲೆಗೆ ತಡಕುತ್ತ, ಬೇಕಾದರೆ ತಲೆಕೆಳಗಾಗಿ ಜೋತುಬಿದ್ದು, ಹುಳು ಕೀಡೆ ಹಿಡಿಯುತ್ತದೆ.

ಲೇಖನದ ಜೀವ ಮೂರನೇ ಪುಟದ ಕೊನೆಯಲ್ಲಿದೆ: 'ಆಮೇಲೆ ಗಂಡು ಕುಣಿದು ಹೆಣ್ಣನ್ನು ಮೆಚ್ಚಿಸಿತು.' ಅಲ್ಲೇ ನಿಂತು ವಿವರಿಸಬೇಕಿತ್ತು ನೋಡ್ರಿ! ಹೇಗೆ ಕುಣಿಯಿತು? ಗಂಡು ಕೊಂಬೆಯಿಂದ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಗಾಳಿಯಲ್ಲೇ ಮೈಗರಿಯೆಲ್ಲ ಉಬ್ಬಿಸುತ್ತದೆ. ಬಾಲದ ಬುಡದ ಬಿಳಿಚು ಗರಿಗಳೂ ಎದ್ದು ನಿಂತು ಹಕ್ಕಿ ಹತ್ತಿಯ ಉಂಡೆಯಾಗುತ್ತದೆ. ಸುರುಳಿ ಸುತ್ತುತ್ತ ಕೊಂಬೆಗಿಳಿಯುತ್ತದೆ. ಕೂತ ಮೇಲೂ ರೆಕ್ಕೆ ಜೋಲುಬಿಟ್ಟು, ಬಾಲ ಬಿಚ್ಚಿ ತೋರಿಸುತ್ತದೆ. ಈ ಕ್ರಮ ಕೆಡಿಸದೆ, ಒಂದು ಚಲನೆಗೆ ಒಂದು ವಾಕ್ಯದಂತೆ ಬರೆಯಿರಿ. ಎಳೆದು ಬಿಡುವ ಆ ಸಿಳ್ಳನ್ನೂ ಸೇರಿಸಿ, 'ಸುಮಧುರ ಗಾನ' ಅನ್ನಬೇಡಿ. ಈ ಹಕ್ಕಿ ಮರಿ ಮಾಡುವುದು ಹೆಚ್ಚಾಗಿ ಮೇಯಿಂದ ಸೆಪ್ಟೆಂಬರ್ ನಡುವೆ. ನೀವು ಕುಣಿತ ಕಂಡದ್ದು ಮಳೆಗಾಲದಲ್ಲಾದರೆ ಹಾಗೇ ತಿಳಿಸಿ. ಡಿಸೆಂಬರಿನ ದೃಶ್ಯಕ್ಕೆ ಅಂಟಿಸಿದರೆ ಹಕ್ಕಿ ಬಲ್ಲವರು ಅಲ್ಲೇ ಪುಟ ಮಡಚುತ್ತಾರೆ.

ಗೂಡಿನ ಫೋಟೊ ಹಾಕುವುದಿಲ್ಲ. ಕವಲಿನಲ್ಲಿ ಹುಲ್ಲೆಳೆ ಹೆಣೆದು ಜೇಡರಬಲೆ ಮೆತ್ತಿದ ಆ ಬಟ್ಟಲಿಗೆ ಎಲೆಯೇ ಮರೆ. ನಿಮ್ಮ ಚಿತ್ರದಲ್ಲಿ ಎಲೆ ಸರಿಸಿದಂತಿದೆ. ಸರಿಸಿದರೆ ಮೊಟ್ಟೆ ಕಾಗೆಯ ಕಣ್ಣಿಗೆ ಬೀಳುತ್ತದೆ, ಬಿಸಿಲೂ ತಾಗುತ್ತದೆ. ಗೂಡಿನ ಜಾಗ ಬರೆದ ಸಾಲನ್ನೂ ಅಳಿಸಿ.

ಕುಣಿತದಿಂದಲೇ ಶುರು ಮಾಡಿ, ಎರಡು ಪುಟಕ್ಕಿಳಿಸಿ ಕಳಿಸಿ. ಶೀರ್ಷಿಕೆ ನಾವು ನೋಡಿಕೊಳ್ಳುತ್ತೇವೆ.

ಸಂಪಾದಕ
ಕಲಬುರಗಿ